ಜರಿ ಕರ್ರಗಾದ ವರ್ಷ

ಮೊನ್ನಿ ತೊಗರಿಬ್ಯಾಳಿ ತರಲಿಕ್ಕೆ ನೆಹರು ಗಂಜಿಗೆ, ಕಾಳಿನ ಪ್ಯಾಟಿಗೆ, ಹೋಗಿದ್ದೆ. ಎಲ್ಲಾ ಮನಿ ಬಾಗಲಿಗೇ ಬರೂ ಕಾಲದಾಗ ನೀ ಯಾಕ ಹೋಗತಿ ಅಂತ ಮಗಳು ಬೈತಾಳ. ಬೈಯಲಿ. ಬ್ಯಾಳಿ ಕೈಯಾಗ ಹಿಡದು ನೋಡದ ತಂದ್ರ ನನಗ ಊಟ ಇಳಿಯೂದಿಲ್ಲ. ಒಂದು ಗೋದಾಮಿನ ಶಟರ್ ಅರ್ಧ ಎತ್ತಿದ್ದರು. ಒಳಗಿಂದ ಬಂತು ನೋಡ್ರಿ ಆ ವಾಸನಿ. ಕೊಳತ ಬಳ್ಳೊಳ್ಳಿ ವಾಸನಿ. ಚೀಲದಾಗಿನ ಕಾಳಿಗೆ ಹುಳ ಬೀಳಬಾರದು ಅಂತ ಇಡತಾರಲ್ಲ, ಆ ಗುಳಗಿದು. ಬಾಜೂಕಿನ ಮಂದಿ ಮೂಗಿಗೆ ಸೆರಗು ಹಿಡಕೊಂಡು ಮುಂದ ಹೋದರು. ನಾ ಅಲ್ಲೇ ನಿಂತೆ. ಹನ್ನೆರಡು ವರ್ಷದ ಹಿಂದಿನ ಒಂದು ಮಳಿಗಾಲ ಇದ್ದದ್ದು ಇದ್ದಂಗ ಕಣ್ಣಿಗೆ ಬಂತು. ಹಮಾಲ ಒಬ್ಬಾಂವ, ‘ಅವ್ವಾರ, ಬಾಜೂಕ ಸರೀರಿ, ಇದು ವಿಷದ ಗಾಳಿ’ ಅಂದ. ನನಗ ಹೇಳಾಕತ್ತಾನ.

ನಾವು ಈಗ ಬ್ಯಾರೆ ಕಡೆ ಇದ್ದೀವಿ, ಆದ್ರ ನನ್ನ ಗಂಡನ ಮನಿ ಗಂಜಿನ ಮನಿ. ಮುಂದ ರೈತರ ಮಾಲು ಮಾರಿಸಿಕೊಡೂ ಅಡತಿ ಅಂಗಡಿ, ಅದರ ಹಿಂದ ಗೋದಾಮು, ಆ ಮ್ಯಾಲ ಒಂದು ಸಣ್ಣ ಅಂಗಳ ದಾಟಿದ್ರ ನಮ್ಮ ವಸ್ತಿ. ಆ ಮನ್ಯಾಗ ಲೋಕದಾಗಿನ ವಸ್ತು ಎರಡೇ ನಮೂನಿ: ಒಂದು ತೊಗರಿ, ಇನ್ನೊಂದು ತೊಗರಿ ಅಲ್ಲದ್ದು. ತೊಗರಿ ಅಲ್ಲದ್ದಕ್ಕ ಮರ್ಯಾದಿ ಇಲ್ಲ. ಮನಿಗೆ ದೊಡ್ಡವರು ನನ್ನ ಭಾವ ಶಿವಶರಣಪ್ಪ, ನಮ್ಮನಿಯವರ ಅಣ್ಣ. ಹೆಗಲ ಮ್ಯಾಲ ಟಾವೆಲ್ಲು, ಕೈಯಾಗ ಚೀಲಕ್ಕ ಚುಚ್ಚಿ ಕಾಳು ತಗದು ನೋಡೂ ಕಬ್ಬಿಣದ ಕೊಳವಿ. ಅವರಿಗೆ ಗೊತ್ತಿಲ್ಲದ್ದು ಅಂತ ಒಂದೂ ಇದ್ದಿಲ್ಲ. ಮಕ್ಕಳಿಗೆ ಜ್ವರ ಬಂದ್ರೂ ‘ಮೈಯಾಗ ತ್ಯಾವ ಜಾಸ್ತಿ ಆಗೇದ’ ಅಂತಿದ್ದರು. ಡಾಕ್ಟರು ಬ್ಯಾರೆ ಹೇಳಿದ್ರ ಡಾಕ್ಟರಿಗೆ ಗೊತ್ತಿಲ್ಲ ಅಂತಿದ್ದರು.

ನಾ ಹುಡುಗ್ಯಾರ ಹೈಸ್ಕೂಲಿನ್ಯಾಗ ಹೊಲಿಗಿ ಟೀಚರ್. ಅರಿವಿ ನನ್ನ ಅನ್ನ. ಕಣ್ಣು ಮುಚ್ಚಿ ಮುಟ್ಟಿದ್ರೂ ಅದರಾಗ ಎಷ್ಟು ಹತ್ತಿ, ಎಷ್ಟು ಸುಳ್ಳು ಅಂತ ಹೇಳತಿದ್ದೆ. ಆದ್ರ ಆ ಮನ್ಯಾಗ ನನ್ನ ನೌಕರಿಗೆ ‘ಟಾಕಾ ಹಾಕೂದು’ ಅಂತ ಹೆಸರು. ಪಗಾರ ಬಂದ ದಿವಸ ಮಾತ್ರ ಯಾರೂ ಹಂಗ ಅಂತಿದ್ದಿಲ್ಲ. ನಾನೂ ಕಡಿಮಿ ಇದ್ದಿಲ್ಲ ಅನ್ರಿ. ಊಟಕ್ಕ ಕೂತಾಗ ಭಾವ ಬಾಯಿ ಬಿಟ್ಟರ ಸಾಕು, ನಾ ತಾಟಿನ ಕಡೆ ನೋಡಿ ಮನಸ್ಸಿನ್ಯಾಗ ನಗತಿದ್ದೆ. ಅಂಥಾ ಮನ್ಯಾಗ ಆ ಹೊತ್ತಿಗೆ ಹದಿನೆಂಟು ವರ್ಷ ಬಾಳೇವು ಮಾಡಿದ್ದೆ ಅಂದ್ರ ಆ ನಗಿಯಿಂದ ಮಾಡಿದ್ದೆ.

ಆ ವರ್ಷ ಜೂನ್ ಮೊದಲಿಗೆ ಮಿರಗಕ್ಕ ಹತ್ತಿದ ಮಳಿ ಬಿಡಲೇ ಇಲ್ಲ. ಕಲಬುರಗಿ ಮಂದಿಗೆ ಬಿಸಲು ಗೊತ್ತು. ಬಿಸಲಾಗ ಹೆಂಗ ಉಣಬೇಕು, ಹೆಂಗ ಮಲಗಬೇಕು, ತಲಿಗೆ ಏನು ಸುತ್ತಬೇಕು, ಎಲ್ಲಾ ಗೊತ್ತು. ತ್ಯಾವ ಅಂದ್ರ ಏನು ಅಂತ ಗೊತ್ತಿಲ್ಲ. ಹದಿನೈದು ದಿವಸ ಸೂರ್ಯ ಕಾಣದಿದ್ರ ಈ ಊರಿಗೆ ಕೈಕಾಲು ಆಡೂದಿಲ್ಲ. ನೆಲದ ಶಹಾಬಾದಿ ಫರಸಿ ಮನುಷ್ಯಾರಂಗ ಬೆವರತಿತ್ತು. ಗ್ವಾಡಿಗೆ ಬೆನ್ನು ಹಚ್ಚಿ ಕೂತ್ರ ಕುಬಸ ಹಸಿ. ಚಪ್ಪಲಿಗೆ ಬೂಷ್ಟು, ಉಪ್ಪಿನಕಾಯಿಗೆ ಬೂಷ್ಟು, ಮಕ್ಕಳ ದಫ್ತರಕ್ಕ ಬೂಷ್ಟು. ಒಗದ ಅರಿವಿ ಮೂರು ದಿವಸ ಹಗ್ಗದ ಮ್ಯಾಲ ಇದ್ದು, ನಾಕನೇ ದಿವಸ ಒಣಗದೇ ನಾತ ಹಿಡದು ಕೆಳಗ ಬರತಿದ್ದವು. ಮಂದಿ ಏನು ಮಾಡತಿದ್ದರು ಅಂದ್ರ, ಅವನ್ನ ಹಂಗೇ ಹಸೀವು ಮಡಚಿ ಕಪಾಟಿನ್ಯಾಗ ತುರುಕಿ ಬಾಗಲಾ ಹಾಕತಿದ್ದರು. ಕಣ್ಣಿಗೆ ಕಾಣದಿದ್ರ ಒಣಗಿಬಿಟ್ಟವು ಅಂತ ಇವರ ತಿಳವಳಿಕಿ.

ನನ್ನ ತವರುಮನಿ ಕಮಲಾಪುರ. ಬಸ್ಸಿನ್ಯಾಗ ಒಂದು ತಾಸಿನ ದಾರಿ, ಆದ್ರ ಬುದ್ಧಿ ಭಾಳ ದೂರ. ನಮ್ಮ ಮನಿ ಹಿಂದೇ ಕೆಂಪು ಬಾಳಿ ತ್ವಾಟ, ತ್ವಾಟದ ಆ ಕಡೆ ಹಳ್ಳ. ಮನಿ ಒಳಗ ವರ್ಷಪೂರ್ತಿ ಒಂದಿಷ್ಟು ತಂಪು ಇರತಿತ್ತು, ಹಂಗಾಗಿ ನಮ್ಮವ್ವಗ ತ್ಯಾವದ ಸ್ವಭಾವ ಗೊತ್ತಿತ್ತು. ಮಿರಗ ಕೂಡೂ ಮುಂಚೆ, ಬ್ಯಾಸಗಿ ಕಡೀ ಬಿಸಲಿಗೆ, ಸಂದೂಕ ಬರೇದು ಮಾಡಿ ಬಾಯಿ ತಗದು ಅಂಗಳದಾಗ ಇಡತಿದ್ದಳು. ನೂಲಿನ ಅರಿವಿ ಬಿಸಲಿಗೆ, ರೇಷ್ಮಿ ನೆರಳಿಗೆ. ಇಸ್ತ್ರಿ ಬಿಸಿ ಆರೂ ತನಕ ಒಳಗ ಇಡಗೊಡತಿದ್ದಿಲ್ಲ. ಒಂದೊಂದು ರೇಷ್ಮಿ ಸೀರಿ ಅಪ್ಪನ ಹಳೀ ಧೋತರದ ತುಂಡಿನ್ಯಾಗ ಸುತ್ತತಿದ್ದಳು. ನೆರಳಾಗ ಒಣಗಿಸಿದ ಬೇವಿನ ಎಲಿ, ಬಜಿ ಬೇರು ಸಣ್ಣ ಗಂಟು ಕಟ್ಟಿ ಮೂಲಿಗೆ, ಜರಿಗೆ ಹತ್ತದಂಗ. ಸಂದೂಕದ ಕೆಳಗ ನಾಕು ಇಟ್ಟಂಗಿ, ಗ್ವಾಡಿಗೂ ಅದಕ್ಕೂ ನಡುವ ಒಂದು ಗೇಣು ಜಾಗ. ಮಳಿ ನಡುವ ಎರಡು ದಿವಸ ಬಿಸಲು ಬಿತ್ತು ಅಂದ್ರ ಮತ್ತ ಎಲ್ಲಾ ಹೊರಗ ತಗದು ಮಡಕಿ ಬದಲು ಮಾಡತಿದ್ದಳು, ಯಾಕಂದ್ರ ಅದೇ ಮಡಕಿ ಮ್ಯಾಲ ವರ್ಷಗಟ್ಟಲೆ ಇದ್ರ ರೇಷ್ಮಿ ಅಲ್ಲೇ ಸೀಳತದ. ಇಷ್ಟಾ ಕೆಲಸ. ಇದಕ್ಕ ಏನು ಕಾಲೇಜು ಓದಬೇಕಾಗಿಲ್ಲ. ಈಗ ನನ್ನ ಮಗಳು ಫೋನಿನ್ಯಾಗ ನೋಡಿ ಗಾಳಿ ಹಿಂಡೂ ಚೀಲ ತರಿಸ್ಯಾಳ. ಸೀರಿ ಒಳಗ ಹಾಕಿ, ನಳಿಗಿ ಹಚ್ಚಿ ಗಾಳಿ ಎಳದ್ರ ಹಪ್ಪಳದಂಗ ಆಗತಾವ. ಅದನ್ನ ನೋಡಿ ಚಪ್ಪಾಳಿ ಹೊಡೀತಾಳ. ನಾ ಏನೂ ಅನ್ನೂದಿಲ್ಲ. ಯಾರಿಗೂ ಏನೂ ಹೇಳೂ ಹಕ್ಕು ನನಗ ಉಳದಿಲ್ಲ, ಯಾಕ ಅಂತ ಹೇಳತೀನಿ.

ಜಗದೇವಿ ನನ್ನ ನಾದಿನಿ. ಇಬ್ಬರು ಅಣ್ಣಂದಿರಿಗೆ ಒಬ್ಬಾಕೀ ತಂಗಿ. ಆ ವರ್ಷ ಆಕಿಗೆ ಮೂವತ್ತೆರಡು. ಬಂದ ವರಗಳನ್ನೆಲ್ಲಾ ಭಾವ ಕಾಳು ನೋಡಿದಂಗ ನೋಡಿ, ಇದು ಹುಳಕು, ಇದು ಪೊಳ್ಳು ಅಂತ ವಾಪಸ್ ಕಳಿಸಿದ್ದರು. ಕಳಿಸಿದವರೆಲ್ಲಾ ಮದುವಿ ಆಗಿ ಮಕ್ಕಳು ಮರಿ ಮಾಡಕೊಂಡು ಸುಖದಾಗ ಇದ್ದರು. ಇಲ್ಲಿ ಈಕಿ ಅಣ್ಣನ ಮಕ್ಕಳಿಗೆ ಎಣ್ಣಿ ಹಚ್ಚಿ ಎರಕೋತ ಉಳದಿದ್ದಳು. ಕಡೀಕ ನಮ್ಮವ್ವ ಕಮಲಾಪುರದ ಒಬ್ಬ ಹೈಸ್ಕೂಲ್ ಮಾಸ್ತರನ ವಿಷಯ ತಗದಳು. ಭಾವ ಬಾಯಿ ತಗಿಯೂ ಮುಂಚೆ ಜಗದೇವಿ ತಾನೇ ‘ನನಗ ಒಪ್ಪಿಗಿ ಅದ’ ಅಂದಳು. ಆಕಿ ಆ ಮನ್ಯಾಗ ಗಟ್ಟಿಯಾಗಿ ಆಡಿದ ಮೊದಲನೇ ಮಾತು ಅದು. ದೀಪಾವಳಿ ಆದ ಮ್ಯಾಲ ಕಮಲಾಪುರದಾಗೇ ಮದುವಿ ಅಂತ ಆತು.

ನಮ್ಮ ಅತ್ತಿಯವರು ಜಗದೇವಿ ಒಂಬತ್ತು ವರ್ಷದಾಕಿ ಇದ್ದಾಗ ತೀರಿಕೊಂಡಿದ್ದರು. ಅವರದು ಅಂತ ಆಕಿ ಹತ್ರ ಉಳದದ್ದು ಒಂದು ಸೀರಿ, ಅವರ ಮದುವ್ಯಾಗ ತಲಿ ಮ್ಯಾಲ ಅಕ್ಕಿಕಾಳು ಹಾಕೂ ಹೊತ್ತಿನ್ಯಾಗ ಉಟ್ಟದ್ದು. ದಾಳಿಂಬರಿ ಬಣ್ಣ, ಗೇಣಗಲ ಅಂಚು, ಖರೇ ಬೆಳ್ಳಿ ಮ್ಯಾಲ ಬಂಗಾರದ ನೀರು ಕೊಟ್ಟ ಜರಿ. ಅಂಥಾ ಜರಿ ನಾ ಈ ಕೈಲೆ ಹತ್ತು ಸಲ ಮುಟ್ಟಿದ್ದಿಲ್ಲ.

‘ವೈನಿ, ಹೊಸಾವು ಎಷ್ಟರೆ ತರ್ರಿ, ನಾ ಬ್ಯಾಡ ಅನ್ನೂದಿಲ್ಲ. ಅಕ್ಕಿಕಾಳಿಗೆ ಮಾತ್ರ ನಮ್ಮವ್ವಂದು ಉಡತೀನಿ. ಆಕಿ ಬಾಜೂಕ ನಿಂತಂಗ ಆಗತದ’ ಅಂದಳು ನನ್ನ ಮುಂದ. ಮೂವತ್ತೆರಡು ವರ್ಷದಾಗ ಆಕಿ ಬಾಯಿ ಬಿಟ್ಟು ಬೇಡಿದ್ದು ಇದೊಂದು.

ಆರಿದ್ರಾ ಮಳಿ ಹೊತ್ತಿಗೆ ಭಾವನ ಉಣ್ಣಿ ಕೋಟಿಗೆ ಬೂಷ್ಟು ಹತ್ತಿತು. ಮದುವಿಗೆ ಹಾಕ್ಕೊಳ್ಳಲಿಕ್ಕೆ ಇಟ್ಟಿದ್ದ ಕೋಟು. ಊರಾಗ ಯಾರ ಅರಿವಿಗೆ ಏನಾದ್ರೂ ಅವರಿಗೆ ಸಂಬಂಧ ಇದ್ದಿಲ್ಲ, ತಮ್ಮ ಕೋಟಿಗೆ ಹತ್ತಿತು ಅಂದ ಕೂಡಲೇ ಮನ್ಯಾಗಿನ ಅರಿವಿ ಎಲ್ಲಾ ಕಾಯೂ ಹೊಣಿ ತಮ್ಮ ತಲಿ ಮ್ಯಾಲ ಬಿತ್ತು. ಮುಂಜಾನಿ ಗೋದಾಮಿನಿಂದ ದಪ್ಪನ ಪ್ಲಾಸ್ಟಿಕ್ ಹಾಳಿ, ನಾಕು ಬೆರಳು ಅಗಲದ ಟೇಪು, ಕಾಳಿಗೆ ಇಡೂ ಗುಳಗಿ ಒಂದು ಡಬ್ಬಿ ತಗೊಂಡು ಬಂದು ಅಂಗಳದಾಗ ಕೂತರು.

‘ಎಲ್ಲಾರವೂ ರೇಷ್ಮಿ, ಉಣ್ಣಿ ತರ್ರಿ. ದೊಡ್ಡ ಸಂದೂಕದಾಗ ಹಾಕಿ ಸೀಲ್ ಮಾಡತೀನಿ. ಒಳಗ ಗಾಳಿ ಹೋಗಬಾರದು, ಹುಳ ಬರಬಾರದು. ವರ್ಷಗಟ್ಟಲೆ ತೊಗರಿ ಇಟ್ಟೀನಿ, ಒಂದು ಕಾಳಿಗೆ ತೂತು ಬಿದ್ದಿಲ್ಲ.’

ನಾ ಶಾಲಿಗೆ ಹೊಂಟಾಕಿ ನಿಂತೆ. ‘ಭಾವಾರ, ಅರಿವಿ ಇನ್ನಾ ಹಸಿ ಅವರಿ. ಹಸೀವು ಹಾಕಿ ಬಾಯಿ ಕಟ್ಟಿದ್ರ ಒಳಗೇ ಕೊಳೀತಾವ. ಮತ್ತ ಆ ಗುಳಗಿ ಬ್ಯಾಡರಿ, ಅದು ವಿಷ.’

‘ವಿಷ ಹುಳಕ್ಕ. ಸೀರಿಗೆ ಏನು ಜೀವ ಅದ ಸಾಯಲಿಕ್ಕೆ?’

‘ಜರಿಗೆ ಏನಾಗತದೋ ಏನೋ ನನಗೂ ಗೊತ್ತಿಲ್ಲ, ಆದ್ರ...’

‘ಗೊತ್ತಿಲ್ಲಂದ್ರ ಸುಮ್ಮಿರಬೇಕು ತಂಗಿ. ಟಾಕಾ ಹಾಕೂದು ನಿನ್ನ ಕೆಲಸ, ಮಾಲು ಇಡೂದು ನನ್ನ ಕೆಲಸ.’

ನಮ್ಮನಿಯವರು ಪೇಪರಿನ ಹಿಂದ ಇದ್ದರು. ಅಣ್ಣನ ಮುಂದ ಅವರು ಯಾವಾಗಲೂ ಪೇಪರಿನ ಹಿಂದೇ ಇರತಿದ್ದರು. ಭಾವನ ಹೆಂಡತಿ ನಾಗಮ್ಮ ಆಗಲೇ ತನ್ನ ಆರು ಸೀರಿ ತಂದು ಮುಂದ ಇಟ್ಟಿದ್ದಳು, ಗಂಡ ಹೇಳಿದ್ರ ತನ್ನನ್ನೇ ಮಡಚಿ ಒಳಗ ಇಡತಿದ್ದಳು ಆಕಿ. ಜಗದೇವಿ ಅವ್ವನ ಸೀರಿ ಎದಿಗೆ ಹಿಡಕೊಂಡು ನಿಂತು ನನ್ನ ಮುಖ ನೋಡಿದಳು. ನಾ ಒಂದು ಮಾತು ಅಂದಿದ್ರ ಕೊಡತಿದ್ದಿಲ್ಲ. ನನಗ ಮೈಯೆಲ್ಲಾ ಉರೀತಿತ್ತು. ಮಾಡಕೋರಿ ಏನು ಬೇಕಾದ್ದು, ಅನಕೊಂಡೆ. ನನ್ನ ನಾಕು ಸೀರಿ, ಅವ್ವ ಕೊಟ್ಟ ಬೆಳ್ಳಿ ಕುಂಕುಮ ಭರಣಿ ತಂದು ಠಪ್ ಅಂತ ಇಟ್ಟು ಬಸ್ಸಿಗೆ ಹೋದೆ. ಆ ಸಂದೂಕ ಮಾಳಗಿ ಮ್ಯಾಲಿನ ಖೋಲ್ಯಾಗ ಹೋತು. ಪುಣ್ಯಕ್ಕ ಅಲ್ಲಿ ಯಾರೂ ಮಲಗತಿದ್ದಿಲ್ಲ. ಆ ಗಾಳಿಯಿಂದ ಮನುಷ್ಯಾರು ಮಲಗಿದಲ್ಲೇ ಸತ್ತದ್ದು ಎಷ್ಟೋ ಅದ ಅಂತ ಆಮ್ಯಾಲ ತಿಳೀತು. ಅವತ್ತು ಗಂಜಿನ ಅಷ್ಟು ಶಾಣ್ಯಾ ಮಂದ್ಯಾಗ ಒಬ್ಬರೂ ಅದನ್ನ ಮನಿ ಒಳಗ ತರಬಾರದು ಅನ್ನಲಿಲ್ಲ, ಎಲ್ಲಾರ ಮನ್ಯಾಗೂ ಒಂದೊಂದು ಡಬ್ಬಿ ಇತ್ತು.

ದಸರಾಕ್ಕ ಇನ್ನಾ ಎರಡು ತಿಂಗಳು ಇತ್ತು, ಮಗಿ ಮಳ್ಯಾಗ ನಮ್ಮ ಶಾಲಿ ಹೆಡ್‌ಮಿಸ್ಟ್ರೆಸ್ ದೊಡ್ಡ ಬಾಯಾರಿಗೆ ಬೀಳ್ಕೊಡೂ ಕಾರ್ಯಕ್ರಮ ಬಂತು. ಉಡಲಿಕ್ಕೆ ರೇಷ್ಮಿ ಬೇಕು. ಭಾವ ಅಂಗಡ್ಯಾಗ ಇದ್ದರು, ನಾಗಮ್ಮ ಹಿಟ್ಟಿನ ಗಿರಣಿಗೆ ಹೋಗಿದ್ದಳು. ನಾ ಮ್ಯಾಲ ಹೋಗಿ ಟೇಪು ಬಿಚ್ಚಿ ಮುಚ್ಚಳ ಎತ್ತಿದೆ. ಎತ್ತಿದಾಕಿ ಹಿಂದಕ್ಕ ಹಾರಿದೆ. ಕಿಡಕಿ ತಗದು, ಬಾಗಲಾ ತಗದು, ಅರ್ಧ ತಾಸು ಹೊರಗ ಜಿನಿಯ ಮೆಟ್ಟಿಲ ಮ್ಯಾಲ ಕೂತು ಆಮ್ಯಾಲ ಒಳಗ ಹೋದೆ.

ನನ್ನವು ಎಲ್ಲಾಕಿಂತ ಮ್ಯಾಲ ಇದ್ದವು. ಬೆಳ್ಳಿ ಭರಣಿ ಹಂಚಿನಂಗ ಕರ್ರಗ ಆಗಿತ್ತು. ಅದನ್ನ ನೋಡಿದ ಕೂಡಲೇ ನನಗ ಎಲ್ಲಾ ತಿಳೀತು. ಬೆಳ್ಳಿ ತಿನ್ನೂ ಗಾಳಿ ಜರಿ ಬಿಡತದ ಏನು? ನನ್ನ ಮದುವಿ ಸೀರಿ ಬಿಚ್ಚಿ ನೋಡಿದೆ, ಹೊರಗಿನ ಮಡಕಿ ಒಂದು ಬೆರಳಷ್ಟು ಮಾಸಿತ್ತು, ಒಳಗ ಇನ್ನಾ ಬೆಳಗತಿತ್ತು. ನಾಕೂ ಸೀರಿ, ಭರಣಿ ಎತ್ತಿ ಬಾಜೂಕ ಇಟ್ಟೆ. ಅವುಗಳ ಕೆಳಗೇ ಜಗದೇವಿದು, ಪ್ಲಾಸ್ಟಿಕ್ ಹಾಳ್ಯಾಗ ಸುತ್ತಿದ್ದು. ಪ್ಲಾಸ್ಟಿಕ್ ಒಳಗ ಒಳ್ಳೆ ಹಳದಿ ಹೊಳಪು ಕಾಣತಿತ್ತು, ಏನೂ ಆಗಿದ್ದಿಲ್ಲ. ಅದರ ಮ್ಯಾಲ ಕೈ ಇಟ್ಟೆ.

ಎತ್ತಲಿಲ್ಲ.

ಯಾಕ ಎತ್ತಲಿಲ್ಲ ಅನ್ನೂದು ನನಗ ಛಲೋ ಗೊತ್ತು, ಮರತದ ಅಂತ ಸುಳ್ಳು ಹೇಳೂದಿಲ್ಲ. ಎತ್ತಿದ್ರ ಯಾಕ ಎತ್ತಿದಿ ಅಂತ ಹೇಳಬೇಕಾಗತಿತ್ತು. ಹೇಳಿದ್ರ ಭಾವ ಗುಳಗಿ ತಗದು ಒಗದು, ‘ನಾನೂ ಇವತ್ತು ತಗೀಬೇಕಂತನ ಇದ್ದೆ’ ಅಂತ ಟಾವೆಲ್ಲು ಝಾಡಿಸಿಕೊಂಡು ಹೋಗತಿದ್ದರು. ಏನೂ ಆಗತಿದ್ದಿಲ್ಲ. ಏನೂ ಆಗದೇ ಇರೂದು ನನಗ ಬೇಕಾಗಿದ್ದಿಲ್ಲ. ದಸರಾ ಮುಂದ ಎಲ್ಲಾರ ಎದರಿಗೆ ಸಂದೂಕ ತಗೀಬೇಕು, ಎಲ್ಲಾರ ಎದರಿಗೆ ಆ ಮನುಷ್ಯಾನ ಮುಖ ಇಳೀಬೇಕು, ‘ತಂಗಿ, ನೀ ಹೇಳಿದ್ದು ಖರೇ ಇತ್ತು’ ಅಂತ ಒಂದು ಸಲ ಆ ಬಾಯಿಂದ ಬರಬೇಕು. ಹದಿನೆಂಟು ವರ್ಷದ ಹಸಿವು ಅದು. ಜಗದೇವಿ ಸೀರಿಗೆ ಏನಾದೀತು, ಪ್ಲಾಸ್ಟಿಕ್ ಒಳಗ ಅದ, ಅಂಚಿಗೆ ಜರಾ ಕಪ್ಪು ಹತ್ತೀತು, ತಿಕ್ಕಿದ್ರ ಹೋದೀತು, ಅಂತ ನನಗ ನಾನೇ ಹೇಳಿಕೊಂಡೆ. ನನ್ನವು ಇದ್ದ ಜಾಗ ಕಾಣದಂಗ ತಳದಾಗಿನ ನಾಗಮ್ಮನ ಸೀರಿ ತಗದು ಮ್ಯಾಲ ಹರವಿ, ಮೊದಲಿನಂಗೇ ಟೇಪು ಹಚ್ಚಿದೆ. ಟೇಪಿನ ಮಡಕಿ ಸುದ್ದಾ ಬಿಡಿಸಿ ಸಾಫ್ ಮಾಡಿದೆ.

ಆ ಶನಿವಾರನೇ ನಾಕೂ ಸೀರಿ ಚೀಲದಾಗ ಹಾಕಿಕೊಂಡು ಕಮಲಾಪುರ ಬಸ್ಸು ಹತ್ತಿದೆ. ಅವ್ವ ಪಡಸಾಲ್ಯಾಗ ಹಗ್ಗ ಕಟ್ಟಿ ಅವನ್ನ ಒಂದೊಂದಾಗಿ ಹರವಿದಳು.

‘ಯಾಕ ತಂದಿ?’

‘ಅಲ್ಲಿ ಸಂದೂಕದಾಗ ಗುಳಗಿ ಹಾಕ್ಯಾರ. ಜರಿ ಕರ್ರಗ ಆಗಾಕತ್ತದ.’

‘ಮತ್ತ ಆ ಹುಡುಗಿದು? ಮದುವಿ ಸೀರಿ?’

‘ಅದನ್ನ ಆಕಿ ಅಣ್ಣ ನೋಡಕೋತಾನ. ಭಾಳ ಶಾಣ್ಯಾ ಇದ್ದಾನ.’

ಅವ್ವ ಸೀರಿ ಹರವೂದು ನಿಲ್ಲಿಸಿ ನನ್ನನ್ನ ನೋಡಿದಳು. ನಾ ಚಾ ಮಾಡತೀನಿ ಅಂತ ಒಳಗ ಎದ್ದು ಹೋದೆ.

ನಮ್ಮ ಕಡೆ ದಸರಾಕ್ಕ ಘಟ ಕೂಡಿಸೂ ಮುಂಚೆ ಮನ್ಯಾಗಿನ ಕೌದಿ, ಚಾದರ, ಅರಿವಿ ಅಂಚಡಿ ಎಲ್ಲಾ ಹೊರಗ ಬಂದು ನೀರು ಕಾಣಬೇಕು. ಅವತ್ತು ಬಿಸಲು ಬಿದ್ದಿತ್ತು. ಭಾವ ಸಂದೂಕ ಕೆಳಗ ಇಳಿಸಿ, ಅಂಗಳದಾಗ ಇಟ್ಟು, ಬಾಜೂಕಿನ ಅಂಗಡಿಯವರನ್ನೂ ಕರದರು. ‘ನೋಡ್ರಿ, ನಾಕು ತಿಂಗಳ ಮಳಿ, ಒಂದು ಹುಳ ತೋರಸ್ರಿ’ ಅಂತ ಟೇಪು ಹರದು ಮುಚ್ಚಳ ಎತ್ತಿದರು.

ಹುಳ ಇದ್ದಿಲ್ಲ, ಅದು ಖರೇ. ಬೂಷ್ಟು ಇತ್ತು, ಹಸೀವು ಕಟ್ಟಿದ್ದಕ್ಕ ನಾತ ಇತ್ತು, ಮತ್ತ ನಾಗಮ್ಮನ ಆರೂ ಸೀರಿ ಅಂಚು ಕಾಡಿಗಿ ಬಳದಂಗ ಆಗಿದ್ದವು. ಆಕಿ ಅಲ್ಲೇ ಕೂತು ಅಳಾಕ ಹತ್ತಿದಳು. ಜಗದೇವಿ ಅಳಲಿಲ್ಲ. ತಳಕ್ಕ ಕೈ ಹಾಕಿ ತನ್ನ ಗಂಟು ತಗದು, ಪ್ಲಾಸ್ಟಿಕ್ ಬಿಚ್ಚಿ, ತೊಡಿ ಮ್ಯಾಲ ಸೀರಿ ಹರವಿಕೊಂಡಳು. ದಾಳಿಂಬರಿ ಬಣ್ಣ ಇದ್ದದ್ದು ಇದ್ದಂಗ ಇತ್ತು. ಗೇಣಗಲ ಅಂಚು ಮಾತ್ರ ಈ ತುದಿಯಿಂದ ಆ ತುದಿ ತನಕ ಕರ್ರಗ. ಆಕಿ ಬೆರಳಲೆ ತಿಕ್ಕಿದಳು. ಬೆರಳಿಗೆ ಕಪ್ಪು ಹತ್ತಿತು, ಅಂಚು ಬೆಳ್ಳಗಾಗಲಿಲ್ಲ.

ಈಗ ಇಳೀತದ ಮುಖ ಅಂತ ನಾ ಭಾವನ ಕಡೆ ನೋಡಿದೆ. ಅವರು ಆ ಸೀರಿ ಸೆರಗು ಎತ್ತಿ, ಕಾಳು ನೋಡಿದಂಗ ಉಗುರಲೆ ಕೆರದು, ‘ಮಾಲೇ ಖೊಟ್ಟಿ ಅದ. ಖರೇ ಜರಿ ಆಗಿದ್ರ ಹಿಂಗ ಆಗತಿದ್ದಿಲ್ಲ. ಆ ಕಾಲದಾಗ ಅವ್ವಗ ಯಾವನೋ ಮೋಸ ಮಾಡ್ಯಾನ’ ಅಂದರು. ಆಮ್ಯಾಲ ತಮ್ಮ ಕೋಟು ಎತ್ತಿ ಝಾಡಿಸಿ, ‘ಇದಕ್ಕ ಏನಾಗೇದ ಹೇಳ್ರಿ ನೋಡೋಣು’ ಅಂದರು. ಬಾಜೂಕಿನವರು ಹೌದಲ್ಲರಿ ಅಂದರು. ಇಂಥಾ ಮನುಷ್ಯಾನ ಮುಖ ಇಳಿಸಲಿಕ್ಕೆ ನಾ ಎರಡು ತಿಂಗಳು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಕಲ್ಲಾದ್ರೂ ಒಮ್ಮೆ ಬೆವರೀತು, ಇವರು ಬೆವರೂವರಲ್ಲ. ನನ್ನ ಸೀರಿ ಎಲ್ಲಿ ಅಂತ ಯಾರೂ ಕೇಳಲಿಲ್ಲ, ಎಲ್ಲಾರೂ ತಮ್ಮ ತಮ್ಮವು ಎತ್ತಿ ನೋಡಾಕತ್ತಿದ್ದರು.

ಮರುದಿವಸ ನಾ ಜಗದೇವಿನ್ನ ಕರಕೊಂಡು ಮೋಮಿನಪುರಕ್ಕ ಹೋದೆ. ಅಲ್ಲಿ ಮಸೂತಿ ಹಿಂದಿನ ಗಲ್ಯಾಗ ರಫೂ ಮಾಡೂ ಒಬ್ಬರು ಮುದುಕರು ಇದ್ದರು. ಹರದ ಅರಿವಿ ಹರದದ್ದೇ ಇಲ್ಲ ಅನ್ನೂವಂಗ ಎಳಿ ಕೂಡಿಸತಿದ್ದರು. ಕಸಬು ಬಲ್ಲವರು ಅಂತ ನಾ ಆ ಊರಾಗ ಕೈ ಮುಗಿಯೂದು ಅವರೊಬ್ಬರಿಗೆ. ಚಾಚಾ ಚಷ್ಮಾ ಏರಿಸಿ, ಅಂಚು ಬೆಳಕಿಗೆ ಹಿಡದು, ಭಾಳ ಹೊತ್ತು ನೋಡಿದರು.

‘ಗಂಜಿನ ಮನಿಯವರಾ?’

‘ಹೌದರಿ ಚಾಚಾ.’

‘ಕಾಳಿನ ಗೋಲಿ ಇಟ್ಟೀರಿ. ವರ್ಷಕ್ಕ ಇಂಥಾವು ನಾಕು ಬರತಾವ, ಎಲ್ಲಾ ಗಂಜಿನ ಮನೀವೇ. ಬ್ಯಾರೆ ಯಾರಿಗೂ ಇದು ತಿಳಿಯಂಗಿಲ್ಲ.’ ನಗಲಿಲ್ಲ ಅವರು. ‘ಜರಿ ಜಲ್‌ಕೋ ಗಯಾ ಮಾ. ಸುಟ್ಟು ಹೋಗ್ಯಾದ. ಹರದದ್ದು ನಾ ಕೂಡಸ್ತೀನಿ, ಸುಟ್ಟದ್ದಕ್ಕ ಏನು ಮಾಡಲಿ?’

‘ಏನೂ ಮಾಡಲಿಕ್ಕೆ ಬರೂದಿಲ್ಲೇನ್ರಿ?’ ಅಂದಳು ಜಗದೇವಿ.

‘ಒಂದು ಕೆಲಸ ಅದ ಬೇಟಿ. ಇನ್ನೊಂದು ಹಳೀ ಸೀರಿ, ಇಂಥಾದೇ ಖರೇ ಜರಿ ಇದ್ದದ್ದು ಸಿಕ್ಕರ, ಅದರ ಅಂಚು ಬಿಚ್ಚಿ ಇದಕ್ಕ ಕೂಡಸ್ತೀನಿ. ಯಾರೂ ಗುರ್ತು ಹಿಡಿಯಂಗಿಲ್ಲ. ಅದಾ ಸಂದೂಕದಾಗ ಇದ್ದ ಬ್ಯಾರೆ ಸೀರಿ ಬ್ಯಾಡ. ಅವೂ ಹೋಗಿರತಾವ.’

ಜಗದೇವಿ ನನ್ನ ಕಡೆ ತಿರುಗಿದಳು. ‘ವೈನಿ, ನಿಮ್ಮ ಮದುವಿ ಸೀರಿನೂ ಅದರಾಗೇ ಇತ್ತಲ್ಲರಿ. ಪಾಪ, ಅದೂ ಹೋತೇನು? ನಾ ನಂದಾ ಹಿಡಕೊಂಡು ಕೂತೆ, ನಿಮ್ಮದು ಕೇಳಲೇ ಇಲ್ಲ.’

ಸುಳ್ಳು ಹೇಳಬಹುದಿತ್ತು. ಹೋತು ಅಂದಿದ್ರ ಮುಗೀತಿತ್ತು. ಆಕಿ ‘ಪಾಪ’ ಅಂದದ್ದು ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ.

‘ಇಲ್ಲ. ನಂದು ಕಮಲಾಪುರದಾಗ ಅದ.’

‘ಯಾವಾಗ ಒಯ್ದ್ರಿ?’

‘ಮಗಿ ಮಳ್ಯಾಗ.’

ಚಾಚಾ ಚಷ್ಮಾ ಇಳಿಸಿ, ಬಾಜೂಕಿನ ಯಾವುದೋ ಶೇರವಾನಿ ತಗೊಂಡು ಸೂಜಿಗೆ ದಾರ ಪೋಣಿಸಾಕ ಹತ್ತಿದರು. ಜಗದೇವಿ ಬೆರಳು ಮಡಚಿ ಎಣಿಸಲಿಲ್ಲ, ಏನಿಲ್ಲ. ಸೀರಿ ಮಡಚಿದಳು. ಅದೇ ಹಳೀ ಮಡಕಿ ಮ್ಯಾಲ ಅಲ್ಲ, ಬ್ಯಾರೆ ಮಡಕಿ ಮ್ಯಾಲ, ನಾನೇ ಕಲಿಸಿದಂಗ.

‘ನನ್ನ ಅಂಚು ಬಿಚ್ಚಿ ಕೊಡತೀನಿ ಜಗದೇವಿ. ನಾಳಿಗೇ ತರತೀನಿ’ ಅಂದೆ.

‘ಬ್ಯಾಡ್ರಿ. ಛಲೋ ಇದ್ದದ್ದು ಯಾಕ ಕೆಡಸೂದು’ ಅಂದಳು. ಮನಿಗೆ ಬಂದ ಮ್ಯಾಲ ಯಾರ ಮುಂದೂ ಏನೂ ಹೇಳಲಿಲ್ಲ. ಎಂದೂ ಹೇಳಲಿಲ್ಲ. ಹೇಳಿ ಬೈದಿದ್ರ ನಾನೂ ನಾಕು ಮಾತು ಅಂದು ಹಗುರ ಆಗತಿದ್ದೆ.

ಮದುವಿ ದಿವಸ ಕಮಲಾಪುರದಾಗ ನಮ್ಮ ತವರುಮನ್ಯಾಗೇ ಹೆಣ್ಣಿನ ಕಡೆಯವರಿಗೆ ಇಳಕೊಳ್ಳಲಿಕ್ಕೆ ಜಾಗ ಮಾಡಿದ್ದರು. ಮದುಮಗಳನ್ನ ಉಡಸೂದು ನನ್ನ ಕೆಲಸ, ಹೊಲಿಗಿ ಟೀಚರ್ ಅಲ್ಲೇನು. ಭಾವ ತಂದ ಹೊಸಾ ಸೀರಿ, ಪೆಟಗಿ ಸಮೇತ, ಮಂಚದ ಮ್ಯಾಲ ಇತ್ತು. ಗಿಳಿ ಹಸಿರು, ನೂರು ಮಾರಿನಿಂದ ಹೊಳಿಯೂ ಪ್ಲಾಸ್ಟಿಕ್ ಜರಿ. ಜಗದೇವಿ ಅದರ ಕಡೆ ನೋಡಲಿಲ್ಲ. ಗಂಟು ಬಿಚ್ಚಿ ಅವ್ವನ ಸೀರಿ ತಗದು ನನ್ನ ಕೈಯಾಗ ಕೊಟ್ಟಳು.

‘ಇದನ್ನ ಉಡಸ್ರಿ.’

ನಮ್ಮವ್ವ ಬಾಗಲದಾಗ ನಿಂತಿದ್ದಳು. ಕರೇ ಅಂಚು ನೋಡಿ ಒಳಗ ಹೋಗಿ ನನ್ನ ಮದುವಿ ಸೀರಿ ತಂದಳು. ಧೋತರದ ತುಂಡು ಬಿಚ್ಚಿದ್ರ ಜರಿ ನಿನ್ನೆ ನೇದಂಗ ಇತ್ತು. ‘ಮಗಳ, ಮಂಗಳ ಕಾರ್ಯಕ್ಕ ಕರೇ ಅಂಚು ಬ್ಯಾಡವ್ವ. ಇದನ್ನ ಉಟಗೋ’ ಅಂದಳು.

‘ಆಗಲಿ ಬಿಡ್ರಿ ಅವ್ವಾರ. ನಮ್ಮವ್ವಂದು ಹೆಂಗ ಅದ ಹಂಗ ಇರಲಿ’ ಅಂದಳು ಜಗದೇವಿ.

ಅವ್ವ ಸೀರಿ ಮಡಚಿಕೊಂಡು ಹೊರಗ ಹೋದಳು. ಖೋಲ್ಯಾಗ ನಾವಿಬ್ಬರೇ ಉಳದಿವಿ. ನಾ ಮೊಳಕಾಲು ಊರಿ ನಿರಗಿ ಹಿಡಿಯಾಕ ಹತ್ತಿದೆ. ಒಂದೊಂದು ನಿರಗಿಗೂ ಬೆರಳಿಗೆ ಕಪ್ಪು ಹತ್ತತಿತ್ತು. ಮಾತಾಡದ ಇರಲಿಕ್ಕೆ ನನಗ ಆಗಲಿಲ್ಲ. ಹೊರಗ ಚಪ್ಪರದಾಗ ಭಾವ, ತಮ್ಮ ಉಣ್ಣಿ ಕೋಟು ಹಾಕ್ಕೊಂಡು, ಯಾರಿಗೋ ತೊಗರಿ ಹೆಂಗ ಇಡಬೇಕು ಅಂತ ಹೇಳಾಕತ್ತಿದ್ದರು, ಆ ದನಿ ಕೇಳತಿತ್ತು.

‘ನೋಡು ನಿಮ್ಮಣ್ಣನ ದಿಮಾಕು’ ಅಂದೆ. ‘ಎಂಥಾ ಸೀರಿ ಸುಟ್ಟು ಬೂದಿ ಮಾಡಿದಾ, ಇವತ್ತಿಗೂ ಒಂದು ಮಾತು ತಪ್ಪಾತು ಅಂದಿಲ್ಲ. ಹೆಂಗರೆ ಮನಸ್ಸು ಬರತದೋ ಇಂಥಾವರಿಗೆ.’

ಜಗದೇವಿ ಸೆರಗು ಹೆಗಲಿಗೆ ಹಾಕ್ಕೊಂಡು ಕರೇ ಅಂಚು ಸರಿ ಮಾಡಿದಳು. ಸಿಟ್ಟಿನಿಂದ ಹೇಳಲಿಲ್ಲ ಆಕಿ. ಟೇಮ್ ಎಷ್ಟಾತು ಅಂತ ಕೇಳಿದಂಗ ಹೇಳಿದಳು.

‘ಅಣ್ಣಗ ಗೊತ್ತಿದ್ದಿಲ್ಲರಿ ವೈನಿ. ನಿಮಗ ಗೊತ್ತಿತ್ತು.’

ಆಮ್ಯಾಲ ಕೈ ಚಾಚಿದಳು. ‘ಪಿನ್ ಕೊಡ್ರಿ, ಅಕ್ಕಿಕಾಳಿಗೆ ಹೊತ್ತಾತು.’

ನಾ ಪಿನ್ ಕೊಟ್ಟೆ.